ಕೈಗುಣ

ಅಕ್ಕನಿಗೆ,

ಫೋನಿನಲ್ಲಿ ನೀನು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಭಾವನ ಕೈಯಲ್ಲಿ ಈ ಪತ್ರ ಕಳಿಸುತ್ತಿದ್ದೇನೆ. ಮೊದಲು ನಿನ್ನ ಚಿನಕುರುಳಿ ಮಗಳನ್ನು ಪಾಪುವಿನ ಕೋಣೆಯಿಂದ ಆಚೆ ಕಳಿಸು. ಮಿಕ್ಕಿದ್ದನ್ನು ಆಮೇಲೆ ಓದು.

ಬೆಳಿಗ್ಗೆ ನಾನು, "ಅವಳ ಕೆಮ್ಮು ವೈರಸ್‌ನದಲ್ಲ, ಪಾಪುನ ಎತ್ಕೊಳ್ಳಲಿ ಬಿಡು" ಎಂದಿದ್ದೆ. ಅದು ತಪ್ಪು. ನಮ್ಮ ಲ್ಯಾಬಿನ ಯಂತ್ರ ಹೇಳಿದ್ದು "ವೈರಸ್ ಪತ್ತೆಯಾಗಿಲ್ಲ" ಎಂದಷ್ಟೇ. ಅದೇ ವರದಿಯ ಹಾಳೆಯ ಕೊನೆಯಲ್ಲಿ ಇನ್ನೊಂದು ಸಾಲಿರುತ್ತದೆ. ಮೂಗಿಗೆ ಹಾಕಿ ತೆಗೆದ ಹತ್ತಿಯ ಕಡ್ಡಿಗೆ ಮಗುವಿನ ಮೂಗಿನ ಜೀವಕೋಶಗಳು ಅಂಟಿವೆಯೇ ಎಂದು ಅದು ತಿಳಿಸುತ್ತದೆ. ಹನ್ನೊಂದು ವರ್ಷದಿಂದ ಊರವರ ಮಕ್ಕಳ ವರದಿಯಲ್ಲಿ ಆ ಸಾಲನ್ನೇ ಮೊದಲು ಓದುವವಳು, ಇವಳದರಲ್ಲಿ ಓದಲಿಲ್ಲ. ಮಧ್ಯಾಹ್ನ ನೋಡಿದೆ. ಕಡ್ಡಿಯಲ್ಲಿ ಹೆಚ್ಚುಕಡಿಮೆ ಏನೂ ಇರಲಿಲ್ಲ; ಅಂದರೆ ಪರೀಕ್ಷೆ ಆಗಿಯೇ ಇಲ್ಲ.

ಕಾರಣ ನನಗೆ ಗೊತ್ತು. ಕಡ್ಡಿ ಮೂಗಿನ ಹಿಂಬದಿಯವರೆಗೆ ಹೋಗಬೇಕು. ಹೋದರೆ ಮಕ್ಕಳು ಅಳುತ್ತಾರೆ. ನಾನು ಹಾಕಿದಾಗ ಇವಳು "ಚಿಕ್ಕೀ, ಕಚಗುಳಿ!" ಎಂದು ನಕ್ಕಳು. ನೀನು "ಏನು ಕೈಗುಣವೇ ನಿಂದು, ಒಂದು ಹನಿ ಕಣ್ಣೀರಿಲ್ಲ" ಅಂದೆ. ನಾನೂ ಹಿಗ್ಗಿದೆ.

ನಾಳೆ ಬೆಳಿಗ್ಗೆ ಎಂಟಕ್ಕೆ ಅವಳನ್ನು ಲ್ಯಾಬಿಗೆ ಕರೆದುಕೊಂಡು ಬಾ. ಈ ಸಲ ಕಡ್ಡಿ ಹಾಕುವುದು ನಾನಲ್ಲ, ನಮ್ಮ ದೊಡ್ಡ ನರ್ಸಮ್ಮ. ನೀನು ತೊಡೆಯ ಮೇಲೆ ಕೂರಿಸಿಕೊಂಡು ತಲೆ ಅಲುಗದಂತೆ ಹಿಡಿದುಕೋ. ಪಾಪುವಿಗೆ ಇನ್ನೂ ಇಪ್ಪತ್ತು ದಿನ. ಹಾಲು ಕುಡಿಯದಿದ್ದರೆ, ಉಸಿರಾಡುವಾಗ ಪಕ್ಕೆ ಒಳಗೆ ಸೆಳೆದರೆ, ನಾಳೆಗೆ ಕಾಯದೆ ಆಸ್ಪತ್ರೆಗೆ ಹೋಗು.

ನಾನು ಬಾಗಿಲಾಚೆ ನಿಂತಿರುತ್ತೇನೆ. ಅವಳ ಅಳು ಅಲ್ಲಿಯವರೆಗೆ ಕೇಳಿಸಬೇಕು.

ನಿನ್ನ ತಂಗಿ