ಹಳೆಯ ಕಾರ್ಡಿಗೊಂದು ಜಾಗ

ಮನೆಯ ಮುಂದಿನ ಕೋಣೆಯಿಂದ,
ಹದಿನಾಲ್ಕನೆಯ ತಾರೀಖು, ಗುರುವಾರ, ಮಧ್ಯಾಹ್ನ

ಪ್ರೀತಿಯ ಕಿವಿರಾಯರಿಗೆ,

ಆರೋಗ್ಯ ಹೇಗಿದೆ? ಶೀತ ಇಳಿಯಿತೇ? ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಕೂತರೆ ಎಡಗಿವಿಯ ಹಿಂದೆ ಗುಳ್ಳೆ ಏಳುತ್ತದೆಂದು ಗೊತ್ತಿದ್ದೂ ನೀವು ಕೇಳುವವರಲ್ಲ. ಇಲ್ಲಿ ನಾನು, ಅತ್ತೆ ಇಬ್ಬರೂ ಕ್ಷೇಮ. ಅತ್ತೆಗೆ ಮಂಡಿನೋವು ಹಾಗೇ ಇದೆ, ನಾಲಿಗೆಗೆ ಮಾತ್ರ ಯಾವ ನೋವೂ ಇಲ್ಲ. ಫೋನ್ ಇರುವಾಗ ಪತ್ರ ಯಾಕೆ ಎನ್ನಬೇಡಿ. ಫೋನ್ ಮಾಡಿದಾಗಲೆಲ್ಲ ನಿಮ್ಮ ಹಿಂದೆ ಯಾರೋ ಮೈಕ್ ಪರೀಕ್ಷೆ ಮಾಡುತ್ತಿರುತ್ತಾರೆ, ನೀವು "ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟುಬಿಡುತ್ತೀರಿ. ಆರು ತಿಂಗಳ ರೆಕಾರ್ಡಿಂಗ್ ಕೆಲಸಕ್ಕೆಂದು ನೀವು ಹೋಗಿ ನಾಲ್ಕು ತಿಂಗಳಾಯಿತು, ಆ 'ಆಮೇಲೆ' ಇನ್ನೂ ಬಂದಿಲ್ಲ.

ವಿಷಯ ಇಷ್ಟು. ನಮ್ಮ ಎಡಿಟಿಂಗ್ ಕಂಪ್ಯೂಟರ್ ಸೋಮವಾರ ಬೆಳಿಗ್ಗೆ ಕಣ್ಣು ಮುಚ್ಚಿತು. ಶಾಲೆಯ ಮಕ್ಕಳ ಗಾಯನದ ವಿಡಿಯೋದಲ್ಲಿ ಮೂರನೆಯ ಹಾಡಿಗೆ ಬಂದಿದ್ದೆ, ಚಿಟ್ ಎಂದಿತು, ಸುಟ್ಟ ವಾಸನೆ ಬಂತು, ಪರದೆ ಕಪ್ಪಾಯಿತು. ಕಂಪ್ಯೂಟರ್ ಅಂಗಡಿಯವನು ಮುಚ್ಚಳ ತೆಗೆದು ನೋಡಿ, ಡಿಸ್ಕ್ ಉಳಿದಿದೆ, ಮದರ್‌ಬೋರ್ಡ್ ಹೋಗಿದೆ ಎಂದ. ಭಾನುವಾರ ವಿಡಿಯೋ ಕೊಡಬೇಕು. ಸಂಗೀತದ ಮೇಷ್ಟ್ರು ದಿನಕ್ಕೆರಡು ಸಲ ಬಂದು, ಏನೂ ಕೇಳದೆ, ಬಾಗಿಲಲ್ಲಿ ನಿಂತು ಕೆಮ್ಮಿ ಹೋಗುತ್ತಾರೆ. ಆ ಕೆಮ್ಮಿಗಿಂತ ಬೈದಿದ್ದರೆ ಮೇಲಾಗಿತ್ತು.

ಮದರ್‌ಬೋರ್ಡ್ ಎಂದರೆ ಒಂದು ಹಲಗೆ, ಉಳಿದವೆಲ್ಲ ಅದಕ್ಕೆ ಕಚ್ಚಿಕೊಳ್ಳುತ್ತವೆ, ಅದನ್ನು ಆರಿಸುವುದೇನು ಮಹಾ ಎಂದುಕೊಂಡು ಅಂಗಡಿಗೆ ಹೋದೆ. ಅವನು ಎರಡನ್ನು ಮುಂದಿಟ್ಟ. ಒಂದು ಹೊಸದು. ಮೆಮೊರಿಗೆ ನಾಲ್ಕು ಜಾಗ, ವೇಗದ ಡಿಸ್ಕಿಗೆ ಎರಡು. ಒಂದು ಕಟ್ ಹಾಕಿ, ಅದು ತಯಾರಾಗುವುದರೊಳಗೆ ನಾನು ಹೋಗಿ ಬಟ್ಟೆ ಒಣಹಾಕಿ ಬರುವ ಅವಸ್ಥೆ ತಪ್ಪುತ್ತದೆ. ಆದರೆ ನಿಮ್ಮ ಸೌಂಡ್ ಕಾರ್ಡಿಗೆ ಬೇಕಾದ ಹಳೆಯ ಬಿಳಿ ಕಿಂಡಿ ಅದರಲ್ಲಿಲ್ಲ. ಇನ್ನೊಂದು ಗೋದಾಮಿನಲ್ಲಿ ಉಳಿದುಹೋದ ಹಳೆಯ ಬೋರ್ಡು. ಅದರಲ್ಲಿ ಆ ಕಿಂಡಿ ಇದೆ, ಮೆಮೊರಿಗೆ ಎರಡೇ ಜಾಗ, ಓಟ ಅಷ್ಟಕ್ಕಷ್ಟೇ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ, ಚಿತ್ರದವಳಿಗೆ ಒಂದು ಬೇಕು, ಶಬ್ದದವರಿಗೆ ಇನ್ನೊಂದು. ಅಂಗಡಿಯವನು "ಇನ್ನೂ ಆ ಕಾಲದ ಕಾರ್ಡ್ ಯಾಕಮ್ಮಾ? ಹೊರಗಿಂದ ಸಿಕ್ಕಿಸೋದು ಒಂದು ತಗೊಂಡ್ರೆ ಆಯ್ತಲ್ಲ" ಎಂದ. ನನಗೆ ಎಲ್ಲಿತ್ತೋ ಸಿಟ್ಟು. ಒಟ್ಟಿಗೆ ಎಂಟು ಮೈಕು ಹಿಡಿದ ಕಾರ್ಡ್ ಅದು, ಅದಿಲ್ಲದಿದ್ದರೆ ನಮ್ಮವರಿಗೆ ಎಲ್ಲ ಶಬ್ದವೂ ಕಿವಿಗೆ ಹತ್ತಿ ಇಟ್ಟ ಹಾಗೆ ಕೇಳುತ್ತದಂತೆ ಎಂದು ದಬಾಯಿಸಿಬಿಟ್ಟೆ.

ಆಮೇಲೆ ಎರಡು ದಿನ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಮೂರು ಸಲ ಅಂಗಡಿಗೆ ಹೋಗಿ ಬಂದೆ. ಈಗ ನನ್ನನ್ನು ಕಂಡರೆ ಅವನೇ ಸ್ಟೂಲ್ ಎಳೆದು ಹಾಕುತ್ತಾನೆ. ಹಳೆಯ ಬೋರ್ಡು ನಮ್ಮ ಕಂಪ್ಯೂಟರಿನ ಡಬ್ಬಿಯೊಳಗೆ ಹಿಡಿಸುತ್ತದೋ ಇಲ್ಲವೋ ಎಂದು ಟೇಪು ಹಿಡಿದು ಅಳೆದೆ, ನಂಬಿಕೆ ಬರದೆ ಮತ್ತೆ ಅಳೆದೆ. ಫ್ಯಾನಿನ ಸದ್ದು ನಿಮಗೆ ಆಗುವುದಿಲ್ಲವೆಂದು ಅಂಗಡಿಯಲ್ಲಿ ಅದನ್ನು ಓಡಿಸಿ, ಕಿವಿ ಹತ್ತಿರ ಹಿಡಿದು ಕೇಳಿದೆ. ರಸ್ತೆಯ ಗಲಾಟೆಯಲ್ಲಿ ಏನೂ ಕೇಳಿಸಲಿಲ್ಲ. ನೀವಿದ್ದಿದ್ದರೆ ಜಗಳವಾಡಿಕೊಂಡು ಹತ್ತು ನಿಮಿಷದಲ್ಲಿ ಮುಗಿಸುತ್ತಿದ್ದೆವು. ಜಗಳಕ್ಕೆ ಜನವಿಲ್ಲದೆ ನನಗೆ ತುಂಬ ಬೇಜಾರು, ಸಂಕಟ. ಹೇಳಿಕೊಳ್ಳಲು ನಾಚಿಕೆಯಾದರೂ ಹೇಳಿದ್ದೇನೆ.

ಕಾರ್ಡನ್ನೇ ತನ್ನಿ, ಕೂರಿಸಿ ನೋಡೋಣ ಎಂದು ಅಂಗಡಿಯವನು ಹೇಳಿದ. ನಾನು ಒಪ್ಪಲಿಲ್ಲ. ಹೊರಡುವ ಹಿಂದಿನ ದಿನ ನೀವೇ ಅದನ್ನು ಬಿಚ್ಚಿ, ಪೆಟ್ಟಿಗೆಗೆ ಹಾಕಿ, ಸುತ್ತ ಟೇಪ್ ಸುತ್ತಿ, ಕಪಾಟಿನ ಮೇಲಿಟ್ಟು "ನಾನು ಬರೋವರೆಗೂ ಬಿಚ್ಚಬೇಡ, ಧೂಳು ಕೂರುತ್ತೆ" ಎಂದಿದ್ದಿರಲ್ಲ. ಅತ್ತೆಯೂ "ಅವನ ಸಾಮಾನು ಮುಟ್ಟಬೇಡಮ್ಮಾ, ಬಂದ ಮೇಲೆ ಕೂಗಾಡ್ತಾನೆ" ಎಂದರು. ಹಾಗಾಗಿ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದದ್ದನ್ನು ಚೀಟಿಗೆ ಇಳಿಸಿಕೊಂಡು ಹೋದೆ.

ಇವತ್ತು ಬೆಳಿಗ್ಗೆ ಹಳೆಯ ಬೋರ್ಡನ್ನೇ ತಂದೆ. ನಗಬೇಡಿ. ನನ್ನ ಚಿತ್ರ ಕುಂಟುತ್ತಾ ಹೋದರೆ ಹೋಗಲಿ, ಬಟ್ಟೆ ಒಣಹಾಕುವುದು ಇದ್ದೇ ಇದೆ. ಇನ್ನೆರಡು ತಿಂಗಳಿಗೆ ನೀವು ಬರುತ್ತೀರಿ, ಬಂದಾಗ ನಿಮ್ಮ ಕಾರ್ಡಿಗೆ ಜಾಗವಿಲ್ಲ ಎನ್ನಲು ನನಗೆ ಮನಸ್ಸಾಗಲಿಲ್ಲ. ಬೇಡವೆನಿಸಿದರೆ ನಾಳೆ ಸಂಜೆಯೊಳಗೆ ಮಾತ್ರ ವಾಪಸು ತೆಗೆದುಕೊಳ್ಳುತ್ತಾನಂತೆ. ನಾಲ್ಕು ಗಂಟೆಗೆ ಜೋಡಿಸಲು ಬರುತ್ತಾನೆ. ಆಗ ಒಂದೇ ಒಂದು ಸಲ ಪೆಟ್ಟಿಗೆ ತೆರೆದು, ಕಾರ್ಡ್ ಕೂರಿಸಿ ನೋಡಿ, ಮತ್ತೆ ಹಾಗೇ ಕಟ್ಟಿಡುತ್ತೇನೆ. ಬೈಯಬೇಡಿ.

ಅತ್ತೆ ಆಶೀರ್ವಾದ ಹೇಳಿದ್ದಾರೆ, ಹೊತ್ತಿಗೆ ಸರಿಯಾಗಿ ಉಣ್ಣಬೇಕಂತೆ. ಮೇಷ್ಟ್ರ ಕೆಮ್ಮು ಕೇಳಿಸುತ್ತಿದೆ, ಇಲ್ಲಿಗೆ ನಿಲ್ಲಿಸುತ್ತೇನೆ. ಮೈ ನೋಡಿಕೊಳ್ಳಿ.

ಇತಿ ನಿಮ್ಮ
ಕತ್ತರಿ

ಮತ್ತೆ: ಈಗ ಐದೂಮುಕ್ಕಾಲು. ಬೋರ್ಡ್ ಕೂರಿಸಿದ ಮೇಲೆ ಪೆಟ್ಟಿಗೆಯ ಟೇಪ್ ಕೊಯ್ದೆ. ಒಳಗೆ ಕಾರ್ಡ್ ಇಲ್ಲ. ಅದರ ತೂಕಕ್ಕೆ ಒಂದು ಕೆಟ್ಟ ಡಿಸ್ಕ್ ಇದೆ, ಅಲ್ಲಾಡದಂತೆ ಸುತ್ತಲೂ ರಟ್ಟು ತುರುಕಿದ್ದೀರಿ. ಅಂಗಡಿಯವನು ಸ್ಕ್ರೂ ಬೀಳಿಸಿಕೊಂಡವನಂತೆ ಮೇಜಿನ ಕೆಳಗೆ ಬಗ್ಗಿ ಬಹಳ ಹೊತ್ತು ಹುಡುಕಿದ. ಬೇಕೆಂದು ಕೇಳಿದ್ದರೆ ನಾನೇ ಬಟ್ಟೆ ಸುತ್ತಿ ಕೊಡುತ್ತಿದ್ದೆ. ಆರು ತಿಂಗಳಿಗೆಂದು ಹೋಗುವವರು ಹೀಗೆ ತೂಕ ಹೊಂದಿಸಿ ಹೋಗುವುದಿಲ್ಲ. ಅತ್ತೆಗೆ ನಾನು ಹೇಳುವುದಿಲ್ಲ, ಅದನ್ನು ನೀವೇ ಹೇಳಬೇಕು. ಬೋರ್ಡ್ ಬಿಚ್ಚಿಸಿದ್ದೇನೆ, ನಾಳೆ ಹೊಸದನ್ನು ತರುತ್ತೇನೆ. ಈ ಪತ್ರವನ್ನು ಹರಿದು ಬೇರೆ ಬರೆಯಲು ಕೂತೆ. ಆದರೆ ಮೇಲಿನದನ್ನೆಲ್ಲ ಬರೆಯುವಾಗ ನೀವು ವಾಪಸು ಬರುವವರಾಗಿದ್ದಿರಿ. ಹರಿಯಲು ಕೈ ಬರಲಿಲ್ಲ.