ನಮ್ಮ ನಟರೆಲ್ಲ ಗೊಣಗುತ್ತಾರೆ

ದಾಲ್ವಿಕ್
ನವೆಂಬರ್ ೯, ಭಾನುವಾರ

ನನ್ನ ಚಿನ್ನದಂಥ ಸುನ್ನಾಳಿಗೆ,

ಪರದೆ ಎದ್ದಿದೆ, ದೀಪ ಹತ್ತಿದೆ, ಪ್ರೇಕ್ಷಕರು ಕೆಮ್ಮಿ ಮುಗಿಸಿದ್ದಾರೆ, ಆದರೆ ರಾಜನ ಪಾತ್ರದವನು ಮಾತ್ರ ರಂಗಕ್ಕೆ ಬಾರದೆ ಪಕ್ಕದ ಕತ್ತಲಲ್ಲಿ ಅವಿತು ನಿಂತಿದ್ದಾನೆ! ನಿನ್ನ ಸಿನಿಮಾ ನಮ್ಮೂರಿಗೆ ಬಂದು ಹೋದಾಗಿನಿಂದ ನಿನ್ನಪ್ಪನ ಅವಸ್ಥೆ ಇದೇ ಆಗಿತ್ತು. ನೀನು ಫೋನ್ ಮಾಡಿದಾಗಲೆಲ್ಲ “ಲೈನು ಸರಿಯಿಲ್ಲ ಮಗಳೇ, ಕಾಗದ ಬರೀತೀನಿ” ಎಂದು ಕೂಗಿ ಇಟ್ಟುಬಿಟ್ಟೆ. ಕಾಗದವನ್ನೂ ಬರೆಯಲಿಲ್ಲ. ಮೊದಲು ಕ್ಷಮಿಸು, ಆಮೇಲೆ ಓದು. ಓದಿದ ಮೇಲೆ ಕ್ಷಮಿಸುವುದಕ್ಕೆ ಇನ್ನೊಂದಿಷ್ಟು ಸಿಗುತ್ತದೆ.

ಕೆಲವು ವಾರದ ಹಿಂದೆ ಗ್ರೋವಾ ನನ್ನನ್ನು ಅವಳ ಥಿಯೇಟರಿನ ಬಾಗಿಲಲ್ಲೇ ತಡೆದು ನಿಲ್ಲಿಸಿದಳು. ಒಂದು ಕೈಯಲ್ಲಿ ಟಿಕೆಟ್ಟು, ಇನ್ನೊಂದರಲ್ಲಿ ಕಾಫಿ ಕೆಟಲು. “ನಿನ್ನ ಮಗಳು ನನಗೆ ಫೋನ್ ಮಾಡಿ ಅತ್ತಳು ಕಣೋ ಕೇಟಿಲ್. ‘ಅಪ್ಪನಿಗೆ ನನ್ನ ಸಿನಿಮಾ ಹಿಡಿಸಲಿಲ್ಲ. ಹಿಡಿಸಿದ್ರೆ ಊರೆಲ್ಲ ಕೇಳೋ ಹಾಗೆ ಕೂಗಾಡ್ತಿದ್ದ. ಇನ್ನೊಂದಕ್ಕೆ ಕೈ ಹಾಕಲ್ಲ, ಯಾವುದಾದ್ರೂ ಶಾಲೇಲಿ ಪಾಠ ಹೇಳ್ಕೊಂಡಿರ್ತೀನಿ’ ಅಂತಾಳೆ. ನೀನೇನು ಬಾಯಲ್ಲಿ ಮೀನು ಇಟ್ಕೊಂಡಿದ್ದೀಯಾ?”

ಆ ರಾತ್ರಿ ನನಗೆ ಊಟ ಸೇರಲಿಲ್ಲ. ಆದರೆ ಆಗ ಬರೆಯುವ ಹಾಗಿರಲಿಲ್ಲ ಮಗು. ಈಗ ಬರೆಯಬಹುದು. ಈಗ ನಾನು, ನಿನ್ನಪ್ಪ, ಈ ಫ್ಯೋರ್ಡ್ ಕೊಲ್ಲಿಯ ಉದ್ದಗಲಕ್ಕೂ ಅತ್ಯಂತ ಹಗುರಾದ ಮನುಷ್ಯ! ಸಾಲಾಗಿ ಹೇಳುತ್ತೇನೆ, ಕೇಳು.

ಸಿನಿಮಾಗಳ ಬಗ್ಗೆ ನನ್ನ ಅಭಿಪ್ರಾಯಗಳು ನಿನಗೆ ಗೊತ್ತೇ ಇವೆ. ಇಂಟರ್ವಲ್ಲಿನಲ್ಲಿ ಗ್ರೋವಾಳ ಕಾಫಿ ಹಿಡಿದು ಮೆಟ್ಟಿಲ ಮೇಲೆ ನಿಂತು ನಾನು ತೀರ್ಪು ಕೊಡದೆ ನಮ್ಮೂರಿನಲ್ಲಿ ಯಾವ ಸಿನಿಮಾದ ಎರಡನೇ ಅರ್ಧವೂ ಶುರುವಾದದ್ದಿಲ್ಲ. ಗಂಡಹೆಂಡತಿ ಎರಡು ತಾಸು ಅಡುಗೆಮನೆಯಲ್ಲಿ ಕೂತು ಬೀನ್ಸ್ ಬಿಡಿಸುತ್ತಾ ಮದುವೆಯನ್ನೇ ಬಿಡಿಸಿ ಹಾಕುವ ಆ ಫ್ರೆಂಚ್ ಸಿನಿಮಾ ಬಂತಲ್ಲ, ಅದು ಚಿನ್ನ. ಒಂದು ಮಾತೂ ನೆಲಕ್ಕೆ ಬೀಳಲಿಲ್ಲ. ಅತ್ತೆಯ ತಿಥಿಗೆಂದು ಬಸ್ಸನ್ನೇ ಕದ್ದುಕೊಂಡು ಹೋಗುವ ಕೊರಿಯಾದ ಡ್ರೈವರನಿದ್ದನಲ್ಲ, ಅವನ ಬೈಗುಳ ಒಂದೊಂದೂ ಸುತ್ತಿಗೆ ಏಟು. ಭೂಮಿಯನ್ನು ಎರಡು ಸಲ ಸುಟ್ಟ ಅಮೆರಿಕದ ಸಿನಿಮಾ ಕಸ. ಆದರೆ ಸ್ಪಷ್ಟವಾದ ಕಸ. ಹಂಗೇರಿಯ ಬೇಕರಿಯವನ ಕಥೆಯಲ್ಲಿ ಮಗಳ ಮದುವೆಯ ಕೇಕು ಕುಸಿದಾಗ ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ, ಹಿಂದಿನವರು ಬೈದರು.

ಆದರೆ ನಮ್ಮವು! ನಮ್ಮ ದೇಶದ ಸಿನಿಮಾಗಳು! ಹಿಮದಲ್ಲಿ ಕೊಲೆಗಾರನನ್ನು ಹುಡುಕುವ ಆ ಪೊಲೀಸಿನವನು ಮಾತಾಡಿದ್ದೆಲ್ಲ ತನ್ನ ಮೀಸೆಯ ಜೊತೆ. ಉಣ್ಣೆ ಅಂಗಡಿಯ ಹಾಸ್ಯಚಿತ್ರಕ್ಕೆ ಜನ ಬಿದ್ದು ಬಿದ್ದು ನಕ್ಕರು, ನಾನು ದಾಕ್ಷಿಣ್ಯಕ್ಕೆ ಒಂದು ಉಸಿರು ತಡವಾಗಿ ನಕ್ಕೆ. ದ್ವೀಪದ ವಿಧವೆ ಗಳಗಳ ಅತ್ತಳು, ಯಾಕೆ ಅತ್ತಳೆಂದು ಆ ಪುಣ್ಯಾತ್ಗಿತ್ತಿ ಯಾರಿಗೂ ಹೇಳಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ಗುಡುಗಿದೆ: “ನಾಟಕ ಅಂದ್ರೆ ಸಮುದಾಯ ಭವನದ ಕೊನೇ ಬೆಂಚಲ್ಲಿ ಕುಡಿದು ಮಲಗಿರೋನಿಗೂ ಮಾತು ಮುಟ್ಟಬೇಕು ಅಂತ ನಮ್ಮಮ್ಮ ನನಗೆ ಕಲಿಸಿದಳು! ಈ ಮಕ್ಕಳು ಮಾತನ್ನ ತಮ್ಮ ಕಾಲರಿನೊಳಕ್ಕೇ ಉಗುಳ್ಕೋತಾರೆ! ನಾಲ್ಕು ವರ್ಷದಿಂದ ಈ ದೇಶದ ಸಿನಿಮಾ ಸತ್ತಿದೆ!”

ನಮ್ಮ ಓಡ್ದುರ್, ನಲವತ್ತು ವರ್ಷ ಮೀನುಹಡಗು ನಡೆಸಿದವನು, ತಣ್ಣಗೆ ಕೇಳಿದ: “ಲೇ ಕೇಟಿಲ್, ಕೊರಿಯಾದವರು ಸ್ಪಷ್ಟ, ನಮ್ಮೋರು ಅಸ್ಪಷ್ಟ. ನಿನಗೆ ಕೊರಿಯಾ ಭಾಷೆ ಯಾವಾಗ ಬಂತೋ?”

“ಭಾಷೆ ಯಾಕೋ ಬೇಕು? ಉಚ್ಚಾರಣೆ ಕಣೋ, ಉಚ್ಚಾರಣೆ!”

ಎಲ್ಲರೂ ನಕ್ಕರು. ನಾನೂ ನಕ್ಕೆ.

ಹೀಗಿರುವಾಗ ಬಂತು ನಿನ್ನ ಸಿನಿಮಾ. ಊರಿಗೆ ಊರೇ ಬಂದಿತ್ತು. ನಾನು ಮದುವೆಯ ಕೋಟು ಹಾಕಿಕೊಂಡು ಮೂರನೇ ಸಾಲಿನ ನಡುವೆ ಕೂತೆ. ಈಜು ಬಾರದ ಮುದಿ ಮೀನುಗಾರರು, ಅವರಿಗೆ ಈಜು ಕಲಿಸುವ ಹುಡುಗಿ, ಕೊಳದಿಂದ ಏಳುವ ಹಬೆ. ಕಣ್ಣಿಗೆ ಹಬ್ಬ! ಆದರೆ ಸುನ್ನಾ, ಮಾತಿನ ಬದಲು ನನಗೆ ಕೇಳಿದ್ದು ಡಬ್ಬದೊಳಗೆ ಕಲ್ಲು ಅಲುಗಿಸಿದಂಥ ಗಡಗಡ ಮಾತ್ರ. ಯಾರು ಯಾರಿಗೆ ಏನು, ಯಾಕೆ ಜಗಳ, ಯಾಕೆ ನಗು, ಒಂದೂ ತಿಳಿಯಲಿಲ್ಲ. ಊರು ನಕ್ಕಿತು. ಊರು ಮೂಗು ಒರೆಸಿಕೊಂಡಿತು. ನಾನೊಬ್ಬ ಗಾಜಿನ ಆಚೆ ಕೂತಿದ್ದೆ.

ಪರರ ಮಕ್ಕಳು ಗೊಣಗಿದರೆ ಬೈಯಬಹುದು. ನನ್ನ ಮಗಳ ಸಿನಿಮಾದಲ್ಲೂ ಎಲ್ಲರೂ ಗೊಣಗುತ್ತಾರೆಯೇ? ಊರಿಗೆಲ್ಲ ಅರ್ಥವಾದದ್ದು ನನಗೊಬ್ಬನಿಗೆ ಆಗುತ್ತಿಲ್ಲವೆಂದರೆ? ನಿನ್ನ ಅಜ್ಜಿಯ ನೆನಪಾಯಿತು. ಊರಿನ ಮಹಾರಾಣಿ ಪಾತ್ರಗಳನ್ನೆಲ್ಲ ಆಳಿದವಳು ಕಡೆಗಾಲದಲ್ಲಿ ಮುಂದಿನ ಸಾಲಲ್ಲಿ ಕೂತು, ರಂಗದ ಮೇಲಿದ್ದ ನನ್ನನ್ನೇ ತೋರಿಸಿ, “ಯಾರಮ್ಮ ಆ ರಾಜ? ಅವನಿಗೇನಾಗಿದೆ?” ಎಂದು ಪಕ್ಕದವಳನ್ನು ಕೇಳುತ್ತಿದ್ದಳು. ಕಥೆಯ ಎಳೆ ಕೈಜಾರುವುದೇ ಅವಳ ಕಾಯಿಲೆಯ ಮೊದಲ ಗುರುತು. ನನ್ನ ಸರದಿ ಬಂತು ಎಂದುಕೊಂಡೆ.

ಇಂಟರ್ವಲ್ಲಿನಲ್ಲಿ ಜನ ಮುತ್ತಿಕೊಂಡರು. “ಹೇಗಿದೆಯಪ್ಪಾ ಮಗಳ ಸಿನಿಮಾ? ಹೇಳು, ಹೇಳು!” ಕೈ ಎತ್ತಿದೆ, ಎದೆಯುಬ್ಬಿಸಿದೆ: “ಸಮುದ್ರ! ಸಮುದ್ರದಂಥ ಸಿನಿಮಾ!”

“ಇಡೀ ಕಥೆ ಈಜುಕೊಳದಲ್ಲಿದೆಯಲ್ಲೋ,” ಎಂದಳು ಗ್ರೋವಾ.

ನಾನು ಕೋಟಿನ ಗುಂಡಿ ಹಾಕಿಕೊಂಡು ಮನೆಗೆ ಬಂದುಬಿಟ್ಟೆ. ಹೌದು, ಎರಡನೇ ಅರ್ಧ ನೋಡಲಿಲ್ಲ. ನಿನಗೆ ನಾನು ಏನೆಂದು ಬರೆಯಲಿ? ಚೆನ್ನಾಗಿಲ್ಲ ಎಂದರೆ ಸುಳ್ಳಿರಬಹುದು, ಚೆನ್ನಾಗಿದೆ ಎಂದರೂ ಸುಳ್ಳಿರಬಹುದು. ನನ್ನ ತಲೆ ಹೋಗುತ್ತಿದೆ ಎಂದು ಬರೆದರೆ ಅದೊಂದು ನಿಜ, ಅದನ್ನು ಬರೆಯಲು ಕೈ ಬರಲಿಲ್ಲ.

ಕಡೆಗೆ ಬಾಯಿ ಬಿಟ್ಟದ್ದು ಓಡ್ದುರನ ಮುಂದೆ, ಊರ ಈಜುಕೊಳದ ಪಕ್ಕದ ಬಿಸಿನೀರಿನ ತೊಟ್ಟಿಯಲ್ಲಿ ಕತ್ತಿನವರೆಗೆ ಮುಳುಗಿ. ಅವನು ಸಮಾಧಾನ ಹೇಳುವವನಲ್ಲ. “ಹುಚ್ಚು ಹಿಡಿಯೋಕೆ ಮೊದಲು ಬುದ್ಧಿ ಇರ್ಬೇಕು ಕಣೋ. ಕಾರು ಹತ್ತು,” ಎಂದವನೇ ನನ್ನನ್ನು ಆಕುರೇರಿ ಪಟ್ಟಣದ ಆಸ್ಪತ್ರೆಗೆ ಎಳೆದುಕೊಂಡು ಹೋದ.

ಅಲ್ಲಿಯ ಡಾಕ್ಟರಮ್ಮ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಕೆಲವು ಪದ ಹೇಳಿ, ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಹೇಳಿ ಎಂದಳು. ಒಂದೂ ಇಲ್ಲ! ನನ್ನ ತಲೆಯೊಳಗೆ ಒಂದೇ ಒಂದು ಪದವೂ ಇಲ್ಲ! ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ನನ್ನನ್ನೇ ನೋಡಿದಳು, ಎದ್ದು ನನ್ನ ಬೆನ್ನ ಹಿಂದೆ ಹೋದಳು, ಮತ್ತೆ ಮುಂದೆ ಬಂದು ಬೇರೆ ಪದಗಳನ್ನು ಚೀಟಿಯಲ್ಲಿ ಬರೆದು ತೋರಿಸಿ ಚೀಟಿ ಮಡಚಿದಳು. ಅಷ್ಟನ್ನೂ ಮೇಲಿಂದ ಕೆಳಕ್ಕೆ ಹೇಳಿದೆ, ಕೆಳಗಿಂದ ಮೇಲಕ್ಕೆ ಹೇಳಿದೆ, ಮೂರನೇ ಅಂಕದ ರಾಜನ ಧ್ವನಿಯಲ್ಲಿ ಹೇಳಿದೆ! ಹೊರಗಿನಿಂದ ಯಾರೋ ಬಾಗಿಲು ತೆಗೆದು ಇಣುಕಿ ನೋಡಿದರು.

ಡಾಕ್ಟರಮ್ಮ ಮಾಸ್ಕು ಕೆಳಗೆ ಸರಿಸಿ ನಕ್ಕಳು. “ನಿಮ್ಮ ತಲೆಗೆ ಏನೂ ಆಗಿಲ್ಲ. ನಾನು ಬೆನ್ನ ಹಿಂದೆ ನಿಂತು ಹೆಸರು ಹಿಡಿದು ಕರೆದೆ, ನೀವು ತಿರುಗಲೇ ಇಲ್ಲ. ಇಷ್ಟು ದಿನ ಎದುರಿನವರ ತುಟಿ ನೋಡ್ಕೊಂಡು ಮಾತು ಹಿಡೀತಿದ್ದೀರಿ. ಕಿವಿ ತೋರಿಸ್ಕೊಳ್ಳಿ.”

ಕಿವಿ! ಬರೀ ಕಿವಿ! ಮಗಳೇ, ಮರಣದಂಡನೆಯ ಓಲೆ ತಂದ ದೂತ ಅದನ್ನು ತಲೆಕೆಳಗೆ ಹಿಡಿದು ಓದಿದ್ದ ಎಂದು ತಿಳಿದ ಹಾಗಾಯಿತು. ಓಡ್ದುರನನ್ನು ಅಪ್ಪಿಕೊಂಡೆ. ಅವನು ಒದ್ದಾಡಿ ಬಿಡಿಸಿಕೊಂಡ.

ನೋಡು ನಮ್ಮ ಪೆದ್ದುತನ. ಅಕ್ಷರ ಕಲಿತ ದಿನದಿಂದ ನಾವು ಪರದೇಶದ ಸಿನಿಮಾಗಳನ್ನು ಪರದೆಯ ಕೆಳಗಿನ ಬಿಳಿ ಸಾಲು ಓದಿಕೊಂಡೇ ನೋಡಿದವರು. ಕಣ್ಣು ಓದುತ್ತದೆ, ಕಿವಿ ತಾನು ಕೇಳಿದೆನೆಂದು ಬೀಗುತ್ತದೆ. ನಮ್ಮ ಭಾಷೆಯ ಸಿನಿಮಾಕ್ಕೆ ಆ ಸಾಲು ಹಾಕುವುದಿಲ್ಲ, ಯಾರಿಗೆ ಬೇಕು ಎಂದು. ನನಗೆ ಬೇಕಿತ್ತು!

ಕಿವಿ ಪರೀಕ್ಷೆ ಮಾಡಿದವಳು ಬಿರ್ತಾ ಎಂಬ ಹುಡುಗಿ. “ಯಾವಾಗಿಂದ ಹೀಗೆ?” ಎಂದಳು.

“ನನಗೇನೂ ಆಗಿಲ್ಲಮ್ಮ. ನಾಲ್ಕು ವರ್ಷದಿಂದ ಈ ದೇಶದ ನಟರಿಗೆ ಏನೋ ಆಗಿದೆ.”

“ಅದಕ್ಕೆ ಮುಂಚೆ ಚೆನ್ನಾಗಿ ಕೇಳಿಸ್ತಿತ್ತಾ?”

“ಗಂಟೆ ಹೊಡೆದ ಹಾಗೆ!”

ಅವಳು ಕಾಗದದ ಮೇಲಿನ ಗೆರೆ ನೋಡಿದಳು. “ಇದು ನಾಲ್ಕು ವರ್ಷದ್ದಲ್ಲ, ಬಹಳ ಹಳೇದು. ಆಗ ಸಿನಿಮಾಕ್ಕೆ ಯಾರ ಜೊತೆ ಹೋಗ್ತಿದ್ರಿ?”

“ನನ್ನ ಹೆಂಡತಿ ಆಲ್ದೀಸ್ ಜೊತೆ. ಅವಳು ಹೋಗಿ ನಾಲ್ಕು ವರ್ಷವಾಯ್ತು.”

“ಸಿನಿಮಾ ನಡೀವಾಗ ಅವರು ಮಾತಾಡ್ತಿದ್ರಾ?”

“ಮಾತಾಡ್ತಿದ್ಲಾ?” ನಾನು ಜೋರಾಗಿ ನಕ್ಕೆ. “ನಟ ಬಾಯಿ ಮುಚ್ಚೋದ್ರೊಳಗೆ ಅದೇ ಮಾತನ್ನ ನನ್ನ ಕಿವಿಗೆ...”

ಅಷ್ಟೇ. ನಿನ್ನಪ್ಪ ಜನ್ಮದಲ್ಲಿ ಮೊದಲ ಬಾರಿ ಸಂಭಾಷಣೆಯ ನಡುವೆ ನಿಂತುಬಿಟ್ಟ.

ಅವಳನ್ನು ನಾನು ಗಿಳಿ ಎನ್ನುತ್ತಿದ್ದೆ, ನಿನಗೆ ನೆನಪಿದೆ. “ಸುಮ್ಮನಿರೇ ಗಿಳಿ, ಕೇಳ್ಸಿದೆ!” ಎಂದು ನಾನು ಗದರಿದರೆ ಅವಳು ಒಂದು ಲಿಕ್ಕೊರಿಸ್ ಮಿಠಾಯಿ ಬಾಯಿಗಿಟ್ಟುಕೊಂಡು ಮತ್ತೆ ಪಿಸುಗುಟ್ಟುತ್ತಿದ್ದಳು. ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾಗದ ಹಾಗೆ ನೋಡಿಕೊಂಡಳು. ಕಾರಿನಲ್ಲಿ ವಾಪಸು ಬರುವಾಗ ಓಡ್ದುರ್ ದಾರಿಯುದ್ದಕ್ಕೂ ನನ್ನ ಕಡೆ ನೋಡದೆ ಓಡಿಸಿದ. ಒಳ್ಳೆಯ ಗೆಳೆಯ.

ಈಗ ಎರಡೂ ಕಿವಿಯಲ್ಲಿ ಕಡಲೆಕಾಳಿನಷ್ಟು ಯಂತ್ರ ಇದೆ. ಫ್ರಿಜ್ಜು ನರಳುತ್ತದೆ, ನನ್ನ ಕೋಟು ಸರಸರ ಎನ್ನುತ್ತದೆ, ಓಡ್ದುರ್ ಬಾಯಿ ತೆರೆದುಕೊಂಡೇ ಅಗಿಯುತ್ತಾನೆ. ಈ ಮಧ್ಯಾಹ್ನ ಗ್ರೋವಾ ನಮ್ಮಿಬ್ಬರಿಗೋಸ್ಕರ ನಿನ್ನ ಸಿನಿಮಾವನ್ನು ಮತ್ತೆ ಹಾಕಿದಳು. “ಇಂಟರ್ವಲ್ಲಲ್ಲಿ ಬಾಗಿಲಿಗೆ ಬೀಗ ಹಾಕ್ತೀನಿ,” ಎಂದಳು.

ಇಗೋ ತೀರ್ಪು! ನಿನ್ನ ಈಜು ಟೀಚರು ವಜ್ರ. ಅವಳು ಧ್ವನಿ ಏರಿಸದೆ ಮಾತಾಡುತ್ತಾಳೆ, ಆದರೂ ಕೊನೇ ಬೆಂಚಿನ ಕುಡುಕ ಎದ್ದು ಕೂರುತ್ತಾನೆ. ಮುದುಕ ಕೊಳದ ಅಂಚಲ್ಲಿ ನಡುಗುತ್ತ, “ನಲವತ್ತು ವರ್ಷ ನೀರಿನ ಮೇಲೇ ಇದ್ದೆ. ಒಳಗೇನಿದೆ ಅಂತ ನೋಡೋ ಧೈರ್ಯ ಬರ್ಲಿಲ್ಲ” ಅನ್ನುವಾಗ ಓಡ್ದುರ್ ನನ್ನ ಕರವಸ್ತ್ರ ಕಿತ್ತುಕೊಂಡ. ಅವನಿಗೂ ಈಜು ಬರುವುದಿಲ್ಲ, ಈ ಗುಟ್ಟು ಹೊರಗೆ ಬಿಡಬೇಡ. ತೊಟ್ಟಿಯಲ್ಲಿ ಕೂತು ಯಾರಿಗೂ ಬಾಯಿ ಬಿಡಲು ಅವಕಾಶ ಕೊಡದ ಆ ಗಂಟಲುಗಾರ ಇದ್ದಾನಲ್ಲ, ಅವನು ನಾನೇ. ಅಲ್ಲವೆಂದು ಬರೆಯಬೇಡ. ನನಗೆ ನಗು ಬಂತು, ಆಮೇಲೆ ಸ್ವಲ್ಪ ಚುಚ್ಚಿತು, ಎರಡೂ ಸರಿ. ಕೊನೆಯಲ್ಲಿ ಪಿಟೀಲು ವಿಪರೀತ. ಮುಂದಿನದರಲ್ಲಿ ಅದನ್ನು ಸಮುದ್ರಕ್ಕೆ ಎಸೆ. ಮುಂದಿನದರಲ್ಲಿ ಎಂದೆ, ಓದಿದೆಯಾ? ಶಾಲೆ ಪಾಠ ಬೇರೆಯವರು ಹೇಳಲಿ!

ಈ ದೇಶದ ನಟರೆಲ್ಲರ ಕ್ಷಮೆ ಕೇಳಿದ್ದೇನೆ, ಮೆಟ್ಟಿಲ ಮೇಲೆ ನಿಂತು, ಟೋಪಿ ತೆಗೆದು. ಆ ಮೀಸೆಯ ಪೊಲೀಸನೊಬ್ಬನನ್ನು ಬಿಟ್ಟು. ಅವನದನ್ನೂ ಮತ್ತೆ ನೋಡಿದೆ, ಅವನು ನಿಜವಾಗಿಯೂ ಗೊಣಗುತ್ತಾನೆ.

ನಿನ್ನ ಕಣ್ಣಿಗೆ ಬೆಳಕು, ಕೈಗೆ ಕೆಲಸ, ಪಕ್ಕದಲ್ಲಿ ಒಳ್ಳೆಯ ಜನ ಸದಾ ಇರಲಿ. ಹತ್ತು ಸಿನಿಮಾ ಮಾಡು, ಹತ್ತಕ್ಕೂ ನಾನು ಮದುವೆಯ ಕೋಟಿನಲ್ಲೇ ಬರುತ್ತೇನೆ.

ನಿನ್ನನ್ನು ಎದೆಗೊತ್ತಿಕೊಳ್ಳುವ,
ಅಪ್ಪ ಕೇಟಿಲ್

ಮರೆತಿದ್ದ ಮಾತು: ಮರೆತಿರಲಿಲ್ಲ, ಬರೆಯಲು ಹೆದರಿದ್ದೆ. ಆಸ್ಪತ್ರೆಯ ಆ ಕೊನೆಯ ಸಂಜೆ ನಿನ್ನಮ್ಮ ನನ್ನ ತೋಳು ಹಿಡಿದು ಏನೋ ಹೇಳಿದಳು. ಒಂದು ಪದವಲ್ಲ, ಉದ್ದಕ್ಕೆ ಹೇಳಿದಳು. ನನಗೆ ಏನೂ ಕೇಳಲಿಲ್ಲ, ಸುನ್ನಾ. ಲೋಕದ ಮಾತನ್ನೆಲ್ಲ ನನಗೆ ತಿರುಗಿ ಹೇಳುತ್ತಿದ್ದವಳು ಅವಳು. ಅವಳ ಮಾತನ್ನು ತಿರುಗಿ ಹೇಳಲು ಯಾರೂ ಇರಲಿಲ್ಲ. ನಾನು ತಲೆದೂಗಿ “ಆಗಲಿ ಆಲ್ದೀಸ್” ಎಂದೆ. ಅವಳು ನಕ್ಕು ಕಣ್ಣು ಮುಚ್ಚಿದಳು. ಹೊರಗೆ ಬಂದಾಗ ಅಮ್ಮ ಏನಂದಳು ಎಂದು ನೀನು ಕೇಳಿದೆ, ಅದು ನಮ್ಮಿಬ್ಬರ ನಡುವಿನದು ಎಂದುಬಿಟ್ಟೆ. ಯಾವುದಕ್ಕೆ ಆಗಲಿ ಅಂದೆನೋ ಇವತ್ತಿಗೂ ಗೊತ್ತಿಲ್ಲ. ಅವಳು ಹೇಳುವಾಗ ನೀನು ಅದೇ ಕೋಣೆಯ ಕಿಟಕಿಯ ಹತ್ತಿರ ನಿಂತಿದ್ದೆ, ಪೂರ್ತಿ ಕೇಳಿರಲಿಕ್ಕಿಲ್ಲ. ಒಂದು ತುಂಡು ನಿನ್ನ ಕಿವಿಗೆ ಬಿದ್ದಿದ್ದರೂ ಸಾಕು, ಸೋರುವ ನಲ್ಲಿ ರಿಪೇರಿ ಮಾಡಿಸು ಎಂದಿದ್ದರೂ ಸರಿ. ಬರೆದು ಕಳಿಸಬೇಡ. ಕ್ರಿಸ್‌ಮಸ್ಸಿಗೆ ಬಾ, ನನ್ನ ಪಕ್ಕ ಕೂತು ಹೇಳು. ಅವಳು ಹೇಳಿದಷ್ಟೇ ಮೆಲ್ಲಗೆ ಹೇಳು.