ಬಾಟಲಿಗೆ ಬೆರೆಸಿದ ಸೋಡಾ

ತಿರುಪ್ಪೂರು
19 ಸೆಪ್ಟೆಂಬರ್ 2025

ಮಗಳು ಅಭಿನಯಾಳಿಗೆ,

ಅಮ್ಮನ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೂ ಕ್ಷೇಮವೇ. ಹೊತ್ತು ಹೊತ್ತಿಗೆ ಉಣ್ಣುತ್ತಿದ್ದೇನೆ, ಕೆಲಸಕ್ಕೂ ಹೋಗುತ್ತಿದ್ದೇನೆ. ನಿನ್ನ ಗಾಯ ಒಣಗಿತೇ, ನೆಟ್ಟಗೆ ಕೂರಲು ಆಗುತ್ತಿದೆಯೇ ಎಂದು ಕೇಳೋಣವೆಂದರೆ ನೀನು ಫೋನ್ ಎತ್ತುವುದಿಲ್ಲ. "ನೀನೇ ಅವರಿಗೆ ನಿಜ ಹೇಳು. ಅಲ್ಲೀವರೆಗೂ ನನಗೆ ಫೋನ್ ಮಾಡ್ಬೇಡ" ಎಂದು ಇಟ್ಟುಬಿಟ್ಟೆ. ಅದಾಗಿ ಇಪ್ಪತ್ತೆರಡು ದಿನವಾಯಿತು. ಮೂರು ಸಲ ಬರೆದು ಹರಿದು ಹಾಕಿದೆ. ತಡವಾಯಿತು, ಕ್ಷಮಿಸು.

ಈ ಕಾಗದವನ್ನು ನಿನ್ನ ಅತ್ತೆಗೆ ಓದಿ ಹೇಳು. ಸಿರುಮುಗೈಯ ನಿಮ್ಮ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ನಿನ್ನೊಬ್ಬಳಿಗೇ. ಭೂಪತಿಯೂ ಪಕ್ಕದಲ್ಲಿ ಕೂರಲಿ. ಗಂಡನ ಮುಂದೆ ಇಂಥದ್ದನ್ನೆಲ್ಲ ಹೇಗೆ ಓದಲಿ ಎನ್ನಬೇಡ. ಆಸ್ಪತ್ರೆಯಲ್ಲಿ ನಾನು ಸುಳ್ಳು ಹೇಳಿದ್ದೂ ಅವನ ಮುಂದೆಯೇ.

ಆಡಿ ತಿಂಗಳಿಗೆಂದು, ಅದೇ ಆಷಾಢಕ್ಕೆ, ನೀನು ಹೊಸ ಮದುವಣಗಿತ್ತಿಯಾಗಿ ತವರಿಗೆ ಬಂದಾಗ ಚೀಲದಲ್ಲಿ ಆ ಜಾಗ ತೊಳೆದುಕೊಳ್ಳುವ ವಾಶ್‌ನ ಬಾಟಲಿ ಇತ್ತು. ಕೆಳಗೆ ನವೆ ಎಂದು ನೀನು ದಿನಕ್ಕೆ ಮೂರು ಸಲ ಸೋಪು ಹಾಕಿ ಉಜ್ಜುತ್ತಿದ್ದೆಯಂತೆ. ಮೆಟ್ಟುಪಾಳ್ಯಂನ ಡಾಕ್ಟರಮ್ಮ ಸೋಪು ಬಿಡಿಸಿ, ಬೇಕೇ ಬೇಕೆಂದರೆ ಇದು, ಅದೂ ಹೊರಗಷ್ಟೇ ಎಂದು ಬರೆದುಕೊಟ್ಟಿದ್ದರಂತೆ. ನಿನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ನಿನ್ನ ಅತ್ತೆ. ಮೆಡಿಕಲ್ ಶಾಪಿನಲ್ಲಿ ಬಾಟಲಿ ಕೊಂಡವರೂ ಅವರೇ.

ನಾನು ಕನ್ನಡಕ ಏರಿಸಿಕೊಂಡು ಬಾಟಲಿಯ ಬೆನ್ನ ಮೇಲಿನ ಚೀಟಿ ಓದಿದೆ. ಲ್ಯಾಕ್ಟಿಕ್ ಆಸಿಡ್ ಎಂದಿತ್ತು. "ಆ ಜಾಗಕ್ಕೆ ಯಾರಾದ್ರೂ ಆಸಿಡ್ ಹಾಕ್ತಾರೇನೇ? ನಿನ್ನ ಅತ್ತೆಗೆ ಬುದ್ಧಿ ನೆಟ್ಟಗಿದೆಯಾ?" ಎಂದು ಕೂಗಾಡಿದೆ. "ಅಮ್ಮಾ, ಡಾಕ್ಟರು ಕೊಟ್ಟಿದ್ದು" ಎಂದು ನೀನು ನಕ್ಕೆ. ನನಗೆ ಇನ್ನೂ ಉರಿಯಿತು. ಹತ್ತೊಂಬತ್ತು ವರ್ಷದಿಂದ ಡೈಯಿಂಗ್ ಲ್ಯಾಬಿನಲ್ಲಿ ಕೂತವಳು ನಾನು, ಆಸಿಡ್ ಎಂದರೇನೆಂದು ನನಗೆ ಯಾರೋ ಬಂದು ಹೇಳಿಕೊಡಬೇಕೇ!

ನನ್ನ ಕೆಲಸ ಏನೆಂದು ನಿನಗೆ ಗೊತ್ತು, ಅವರಿಗೂ ತಿಳಿಯಲಿ ಎಂದು ಬರೆಯುತ್ತೇನೆ. ಬಣ್ಣ ಹಾಕಿ ತೊಳೆದ ಬಟ್ಟೆಯ ತುಂಡನ್ನು ನೀರಲ್ಲಿ ನೆನೆಸಿ, ಆ ನೀರಿಗೆ ಹುಳಿ ಅಳೆಯುವ ಪಿಎಚ್ ಪೇಪರ್ ಅದ್ದುತ್ತೇನೆ. ಆರರಿಂದ ಏಳರೊಳಗೆ ಬಂದರೆ ಪಾಸು. ಮಗುವಿನ ಬನಿಯನ್ ಬಟ್ಟೆ ನಾಲ್ಕು ತೋರಿಸಿದರೆ ಹುಳಿ ಉಳಿದಿದೆ ಎಂದು ಇಡೀ ಲಾಟನ್ನು ವಾಪಸು ಕಳಿಸುತ್ತೇನೆ. ಅದೇ ಪೇಪರನ್ನು ನಿನ್ನ ಬಾಟಲಿಗೆ ಅದ್ದಿದೆ. ಕಿತ್ತಳೆ ಬಣ್ಣಕ್ಕೆ ತಿರುಗಿತು. ನಾಲ್ಕು! ಮಾರನೆಯ ದಿನ ಲ್ಯಾಬಿನಿಂದ ಬಟ್ಟೆಗೆ ಹಾಕುವ ಸೋಡಾ ಪುಡಿ ಒಂದು ಪೊಟ್ಟಣ ತಂದು ಚಿಟಿಕೆ ಚಿಟಿಕೆಯಾಗಿ ಬೆರೆಸಿದೆ. ಬುಸ್ಸೆಂದು ನೊರೆ ಬಂತು. ಆಸಿಡ್ ಸಾಯುತ್ತಿದೆ ಎಂದು ಖುಷಿಪಟ್ಟೆ. ಪೇಪರ್ ಏಳಕ್ಕೆ ಬಂದ ಮೇಲೂ, ಮತ್ತೆ ಇಳಿಯದಿರಲಿ ಎಂದು ಮೇಲೊಂದು ಚಮಚ ಸುರಿದೆ. ಆಮೇಲೆ ಪೇಪರ್ ಅದ್ದಿ ನೋಡಲಿಲ್ಲ. ಬಟ್ಟೆಯ ಲಾಟಿಗಾಗಿದ್ದರೆ ಎರಡು ಸಲ ನೋಡುತ್ತಿದ್ದೆ. "ತಗೋ, ಈಗ ನಿನ್ನ ಮೈಗೆ ಸರಿಹೋಗುತ್ತೆ" ಎಂದೆ. ನೀನು ನಂಬಿದೆ.

ಊರಿಗೆ ಹೋದ ವಾರದಲ್ಲೇ ಉರಿ ಎಂದು ಫೋನ್ ಮಾಡಿದೆ. "ಒಳಗಿನ ಕೊಳೆ ಹೋಗುವಾಗ ಹಾಗೇನೇ, ನಿಲ್ಲಿಸಬೇಡ" ಎಂದೆ. ನನ್ನ ಬಾಯಿಗೆ ಮಣ್ಣು ಹಾಕ. ಕೊನೆಗೆ ಚರ್ಮ ಸುಲಿದು, ಕೀವಾಗಿ, ಜ್ವರ ಏರಿ ನಿನ್ನನ್ನು ಮೆಟ್ಟುಪಾಳ್ಯಂ ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಮಲಗಿಸಿದರು.

ಡಾಕ್ಟರಮ್ಮ ಬಾಟಲಿ ಅಲ್ಲಾಡಿಸಿ ನೋಡಿದರು. ಒಳಗಿನದು ನೀರಾಗಿತ್ತು, ತಳದಲ್ಲಿ ಬಿಳಿ ಪುಡಿ. ನನ್ನನ್ನು ಕೂರಿಸಿಕೊಂಡು ಮಗುವಿಗೆ ಹೇಳುವಂತೆ ತಮಿಳಿನಲ್ಲಿ ಹೇಳಿದರು. ಆ ಜಾಗದ ಚರ್ಮ ಹುಟ್ಟಿನಿಂದಲೇ ಸ್ವಲ್ಪ ಹುಳಿಯಂತೆ, ಆ ಹುಳಿಯೇ ಅದಕ್ಕೆ ಕಾವಲಂತೆ. ಲ್ಯಾಕ್ಟಿಕ್ ಆಸಿಡ್ ಎಂದರೆ ಮೊಸರನ್ನು ಹುಳಿ ಮಾಡುವುದೇ, ಹುಳಿ ಕೆಡದಿರಲಿ ಎಂದು ಒಂದಿಷ್ಟೇ ಹಾಕಿರುತ್ತಾರೆ. ಗ್ಲಿಸರಿನ್ ಪಸೆ ಹಿಡಿಯಲು. ನೊರೆ ಬರಿಸುವುದು ತೆಂಗಿನೆಣ್ಣೆಯಿಂದ ಮಾಡಿದ್ದು, ಸೋಪಿಗಿಂತ ಮೆದು. ಪರಿಮಳ ಹಾಕಿದ್ದು ಕೆಲವರಿಗೆ ಆಗುವುದಿಲ್ಲ, ಅದಕ್ಕೇ ಹಾಕದ್ದನ್ನು ಬರೆದುಕೊಟ್ಟಿದ್ದರಂತೆ. "ನಿಜ ಹೇಳಬೇಕೆಂದರೆ ಬರೀ ನೀರೇ ಸಾಕಮ್ಮ" ಎಂದರು. ಒಳಗೆ ಏನೇನಿದೆ ಎಂಬುದೆಲ್ಲ ಆ ಚೀಟಿಯಲ್ಲೇ ಇತ್ತು. ನಾನು ಒಂದು ಪದ ಓದಿ ನಿಲ್ಲಿಸಿದ್ದೆ.

ಆಮೇಲೆ ಅವರು, "ಇದರಲ್ಲಿ ಯಾರು ಏನು ಕಲಸಿದ್ದು?" ಎಂದು ಕೇಳಿದರು. ಭೂಪತಿ ಬಾಗಿಲಲ್ಲಿ ನಿಂತಿದ್ದ. ನನ್ನ ನಾಲಿಗೆ ತಾನಾಗಿ ಹೊರಳಿತು. "ಅವರ ಮನೇಲಿ ರೇಷ್ಮೆ ನೂಲು ಬೇಯಿಸೋಕೆ ಸೋಡಾ ಇಟ್ಟಿರ್ತಾರೆ. ಅತ್ತೆ ಏನಾದ್ರೂ..." ಅಷ್ಟಕ್ಕೇ ನಿಲ್ಲಿಸಿದೆ, ಅಷ್ಟೇ ಸಾಕಾಯಿತು. ಭೂಪತಿಯ ಮುಖ ಕಪ್ಪಿಟ್ಟಿತು. ನೀನು ಕಣ್ಣು ಮುಚ್ಚಿದ್ದೆ, ನಿದ್ದೆ ಬಂದಿದೆ ಎಂದುಕೊಂಡೆ. ನಿದ್ದೆ ಬಂದಿರಲಿಲ್ಲ.

ಅದರ ಮಾರನೆಯ ದಿನ ನಿನ್ನ ಅತ್ತೆ ನನಗೆ ಫೋನ್ ಮಾಡಿದ್ದು ನಿನಗೆ ಗೊತ್ತಿಲ್ಲ. "ಸಂಬಂದೀ, ಸತ್ಯವಾಗ್ಲೂ ನಾ ಅದ್ನ ಮುಟ್ಟೇ ಇಲ್ಲ. ಮಗ ನನ್ ಕೈಲಿ ಒಂದ್ ತೊಟ್ಟು ತಣ್ಣಿ ಕೂಡ ಕುಡಿಯಲ್ಲ ಅಂತಾನೆ. ನೀವಾದ್ರೂ ಒಂದ್ ವಾರ್ತೆ ಸೊಲ್ಲಿ" ಎಂದು, ಮಗನಿಗೆ ಒಂದು ಮಾತು ಹೇಳಿ ಎಂದು ಅತ್ತರು. ನಾನು ಏನೆಂದೆ ಗೊತ್ತೇ? "ಹೋಗ್ಲಿ ಬಿಡಿ, ವಯಸ್ಸಾದ ಮೇಲೆ ಮರೆವು ಎಲ್ಲರಿಗೂ ಇರುತ್ತೆ." ಇಂಥ ಮಾತು ಆಡಿದ ಬಾಯಲ್ಲೇ ಅನ್ನ ತಿನ್ನುತ್ತಿದ್ದೇನೆ.

ಬೀಗಿತ್ತಿ ಪೆರಿಯನಾಯಕಿಯವರೇ, ಸೋಡಾ ಹಾಕಿದವಳು ನಾನು. ನಿಮ್ಮ ತಲೆಗೆ ಕಟ್ಟಿದವಳೂ ನಾನೇ. ನಿಮಗೆ ಮರೆವಿಲ್ಲ. ಭೂಪತಿ, ಈ ಕಾಗದ ಕೆಳಗಿಟ್ಟು ಮೊದಲು ಅಮ್ಮನ ಕೈಯ ನೀರು ಕುಡಿಯಪ್ಪ. ಬೈಯುವುದಿದ್ದರೆ ನನ್ನನ್ನು ಬೈಯಿರಿ, ತಿರುಪ್ಪೂರಿಗೇ ಬಂದು ಬೈಯಿರಿ. ಬಾಗಿಲು ಹಾಕಿಕೊಳ್ಳುವುದಿಲ್ಲ.

ಅಭಿ, ಸಡಿಲವಾದ ಹತ್ತಿ ಬಟ್ಟೆ ಉಡು, ಡಾಕ್ಟರು ಹೇಳಿದ್ದನ್ನಷ್ಟೇ ಕೇಳು. ಬೇಗ ಗುಣವಾಗಿ, ನಿನ್ನ ಸಂಸಾರ ತಣ್ಣಗಿರಲಿ. ನನ್ನ ಹರಕೆ ನಿನಗೆ ಬೇಡವಾಗಿದ್ದರೂ ಹರಸದೆ ಇರಲು ನನಗೆ ಬರುವುದಿಲ್ಲ.

ನಿನ್ನ ಅಮ್ಮ,
ಗಿರಿಜಮ್ಮ

ಮರೆತ ಮಾತು: ಇಲ್ಲಿಂದ ಮುಂದಿನದನ್ನು ನೀನೊಬ್ಬಳೇ ಓದು. ಅವರಿಗೆ ಹೇಳುವುದು ಬಿಡುವುದು ನಿನ್ನಿಷ್ಟ. ಮರೆತದ್ದೆಂದು ಬರೆದೆ, ಅದೂ ಸುಳ್ಳು.

ಉರಿ ಎಂದು ನೀನು ಎರಡು ಸಲ ಫೋನ್ ಮಾಡಿದ್ದೆ. ಮೊದಲ ಸಲ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಮಾರನೆಯ ಬೆಳಿಗ್ಗೆ ನಮ್ಮ ಲ್ಯಾಬಿನ ಕೆಮಿಸ್ಟ್ ಮೋಹನ್ ರಾಜ್‌ನನ್ನು, ಯಾರೋ ಪಕ್ಕದ ಮನೆಯ ಹುಡುಗಿಯ ವಿಷಯ ಎಂಬಂತೆ ಕೇಳಿದೆ. ಅವನು ಹೌಹಾರಿದ. "ಅಕ್ಕಾ, ಪಿಎಚ್ ಏಳು ಅನ್ನೋದು ಬಟ್ಟೆಗೆ, ಆ ಜಾಗಕ್ಕಲ್ಲ. ಸೋಡಾ ಚರ್ಮ ಸುಡುತ್ತೆ. ಈಗಲೇ ನಿಲ್ಲಿಸೋಕೆ ಹೇಳಿ" ಎಂದ.

ಎರಡು ದಿನ ಬಿಟ್ಟು ನೀನು ಮತ್ತೆ ಮಾಡಿದೆ. "ಅಮ್ಮಾ, ತಡೆಯೋಕೆ ಆಗ್ತಿಲ್ಲ, ಅತ್ತೆಗೆ ಹೇಳ್ಲಾ?" ಎಂದೆ. "ಬೇಡ. ಇನ್ನು ನಾಲ್ಕು ದಿನ ಹಾಕು" ಎಂದೆ. ಆಗ ನನಗೆ ಗೊತ್ತಿತ್ತು.

ನವೆ ಎಂದು ನೀನು ಮೊದಲು ಹೇಳಿಕೊಂಡದ್ದು ನಿನ್ನ ಅತ್ತೆಯ ಹತ್ತಿರ. ನನಗ್ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ನಿನಗೆ ಹೇಳಿದ್ರೆ ಬೈತೀಯ" ಎಂದು ತಟ್ಟೆಯಿಂದ ತಲೆ ಎತ್ತದೆ ಹೇಳಿದೆ. ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮದುವೆಯಾದ ಮೂರೇ ತಿಂಗಳಿಗೆ ಇನ್ನೊಬ್ಬಳ ಮಡಿಲು ಹುಡುಕಿಕೊಂಡಳಲ್ಲ ಎಂದು ಹೊಟ್ಟೆ ಉರಿಯಿತು. ನಿಲ್ಲಿಸು ಎಂದರೆ ನೀನು ಮತ್ತೆ ಅವರ ಜೊತೆ ಆ ಡಾಕ್ಟರ ಹತ್ತಿರ ಹೋಗುತ್ತಿದ್ದೆ, ಅವರೇ ಸರಿ ಎಂದಾಗುತ್ತಿತ್ತು. ಅದೊಂದು ನನ್ನಿಂದ ಆಗಲಿಲ್ಲ.

ಆ ನಾಲ್ಕು ದಿನವೂ ಫೋನ್ ನನ್ನ ಕೈಯಲ್ಲೇ ಇತ್ತು, ಅಭಿ. ನಾನು ಮಾಡಲಿಲ್ಲ.